ಕಸ್ಟಮ್ ಪೋಸ್ಟ್ ಟೈಪ್‌ಗೆ ಯುಆರ್‌ಎಲ್ ಹೇಗಿಡೋದು: ಯಾವ ರಚನೆ ಯಾವಾಗ ಒಗ್ಗತ್ತೆ

ಸೈಟ್ ಕಟ್ಟೋಕೆ ಬಳಸೋ ವರ್ಡ್‌ಪ್ರೆಸ್‌ನಲ್ಲಿ ಹೊಸ ಕಂಟೆಂಟ್ ಟೈಪ್ (ಇದನ್ನೇ ಕಸ್ಟಮ್ ಪೋಸ್ಟ್ ಟೈಪ್ ಅನ್ನೋದು) ಮಾಡೋದು ಈಗ ಹತ್ತು ನಿಮಿಷದ ಕೆಲಸ. 2010ರಲ್ಲಿ 3.0 ಆವೃತ್ತಿ ಬಂದಾಗಿಂದ ಪೋಸ್ಟು, ಪೇಜು ಬಿಟ್ಟು ಕೋರ್ಸು, ಪುಸ್ತಕ, ಪ್ರಾಜೆಕ್ಟು, ಈವೆಂಟು ಅಂತ ನಮಗೆ ಬೇಕಾದ್ದನ್ನ ನಾವೇ ಮಾಡ್ಕೋಬಹುದು, ಪ್ಲಗಿನ್ ಇದ್ರೆ ಕೋಡ್ ಕೂಡ ಬರೀಬೇಕಿಲ್ಲ. ಆದ್ರೆ ಅದರ ಯುಆರ್‌ಎಲ್, ಅಂದ್ರೆ ವೆಬ್ ವಿಳಾಸ, ಹೇಗಿರಬೇಕು ಅಂತ ಕೂತು ಯೋಚನೆ ಮಾಡೋರು ಕಮ್ಮಿ, ಡೀಫಾಲ್ಟಾಗಿ ಏನು ಬಂತೋ ಅದನ್ನೇ ಬಿಡ್ತಾರೆ, ಇಲ್ಲಾಂದ್ರೆ ಎಲ್ಲೋ ನೋಡಿದ ಸೈಟಲ್ಲಿ ಚೆನ್ನಾಗಿ ಕಾಣ್ತು ಅಂತ ಅದೇ ಥರ ಮಾಡ್ತಾರೆ. ಥೀಮ್ ನಾಳೆ ಬದಲಾಯಿಸಬಹುದು, ಬಣ್ಣ ಬದಲಾಯಿಸಬಹುದು, ಆದ್ರೆ ವಿಳಾಸ ಒಂದ್ಸಲ ಜನರ ಕೈಗೆ ಹೋಯ್ತು ಅಂದ್ರೆ ಅದು ಚಾಟಲ್ಲಿ, ಈಮೇಲಲ್ಲಿ, ಅಚ್ಚಾದ ಕಾಗದದಲ್ಲಿ, ಸರ್ಚ್ ಎಂಜಿನ್ನಲ್ಲಿ ಹೋಗಿ ಕೂತಿರತ್ತೆ, ವಾಪಸ್ ಕರೆಸ್ಕೊಳ್ಳೋಕಾಗಲ್ಲ.

ಮಾತಿಗೆ ಒಂದು ಸೈಟ್ ಇಟ್ಕೊಳ್ಳೋಣ. ತರಬೇತಿ ಕೊಡೋ ಸಂಸ್ಥೆ ಒಂದರದ್ದು. ಕೋರ್ಸ್ ಅನ್ನೋ ಪೋಸ್ಟ್ ಟೈಪ್ ಇದೆ, ವಿಷಯ ಅನ್ನೋ ಟ್ಯಾಕ್ಸಾನಮಿ (ವಿಂಗಡಣೆ) ಇದೆ, ಅದರೊಳಗೆ ಡಿಸೈನ್, ಕೋಡಿಂಗ್, ಬರವಣಿಗೆ ಅಂತ ಟರ್ಮ್‌ಗಳಿವೆ. ಟೈಪೋಗ್ರಫಿ ಅಂತ ಒಂದು ಕೋರ್ಸ್. ಅದರ ವಿಳಾಸ /ಕೋರ್ಸ್/ಟೈಪೋಗ್ರಫಿ/ ಅಂತಿರಬಹುದು, /ಕೋರ್ಸ್/ಡಿಸೈನ್/ಟೈಪೋಗ್ರಫಿ/ ಅಂತಿರಬಹುದು, ಬರೀ /ಟೈಪೋಗ್ರಫಿ/ ಅಂತಿರಬಹುದು, /ಕೋರ್ಸ್/482/ ಅಂತಲೂ ಇರಬಹುದು. ಓದೋಕೆ ಸಲೀಸಾಗ್ಲಿ ಅಂತ ಇಲ್ಲಿ ಎಲ್ಲಾ ಕನ್ನಡದಲ್ಲಿ ಬರೀತಿದ್ದೀನಿ, ನಿಜವಾದ ಸ್ಲಗ್ (ವಿಳಾಸದಲ್ಲಿ ಬರೋ ಹೆಸರಿನ ಪದ) ಕನ್ನಡದಲ್ಲಿಟ್ರೆ ಏನಾಗತ್ತೆ ಅನ್ನೋದು ಮುಂದೆ ಬರತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಬಹುಪಾಲು ಸೈಟುಗಳಿಗೆ ಮೊದಲನೇದೇ ಸರಿ, ಅಂದ್ರೆ ಟೈಪ್‌ನ ಹೆಸರು, ಆಮೇಲೆ ಆ ವಸ್ತುವಿನ ಹೆಸರು, ಅಷ್ಟೇ. ನಾಳೆ ಬದಲಾಗಬಹುದಾದ ಯಾವುದನ್ನೂ ವಿಳಾಸದೊಳಗೆ ತುರುಕಬೇಡಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ವಿಳಾಸನ ವರ್ಡ್‌ಪ್ರೆಸ್ ಹೇಗೆ ಓದತ್ತೆ

ಇದು ಗೊತ್ತಿದ್ರೆ ಮುಂದಿನ ಅರ್ಧ ಗೊಂದಲ ತಾನೇ ಬಗೆಹರಿಯತ್ತೆ. ವರ್ಡ್‌ಪ್ರೆಸ್ ಹತ್ರ ಯಾವ ಆಕಾರದ ವಿಳಾಸಕ್ಕೆ ಏನು ತೋರಿಸಬೇಕು ಅಂತ ಹೇಳೋ ರೀರೈಟ್ ರೂಲ್ಸ್ ಅಂತ ಒಂದು ಉದ್ದದ ಪಟ್ಟಿ ಇರತ್ತೆ, ಅದು ಡೇಟಾಬೇಸಿನ ಆಪ್ಷನ್ಸ್ ಟೇಬಲ್ಲಲ್ಲಿ ಸೇವ್ ಆಗಿರತ್ತೆ. ಯಾರಾದ್ರೂ ಒಂದು ವಿಳಾಸ ತೆಗೆದ್ರೆ ಪಟ್ಟಿಯನ್ನ ಮೇಲಿಂದ ಕೆಳಗೆ ನೋಡ್ತಾ ಹೋಗತ್ತೆ, ಮೊದಲು ಯಾವ ಪ್ಯಾಟರ್ನ್ ಹೊಂದ್ಕೊಳ್ತೋ ಅಲ್ಲೇ ನಿಲ್ಲತ್ತೆ, ಅದಕ್ಕಿಂತ ಸರಿಯಾದ್ದು ಕೆಳಗೆ ಇದೆಯಾ ಅಂತ ಹುಡುಕೋಕೆ ಹೋಗಲ್ಲ. ಕಸ್ಟಮ್ ಪೋಸ್ಟ್ ಟೈಪ್‌ನ ರೂಲ್‌ಗಳು ಪೇಜುಗಳ ರೂಲ್‌ಗಿಂತ ಮೇಲಿರತ್ತೆ.

ಪಟ್ಟಿ ಸೇವ್ ಆಗಿರೋದ್ರಿಂದಲೇ ಕೋಡಲ್ಲಿ ಸ್ಲಗ್ ಬದಲಾಯಿಸಿದ ತಕ್ಷಣ ಎಲ್ಲಾ ಕಡೆ 404, ಅಂದ್ರೆ ಪುಟ ಸಿಗಲಿಲ್ಲ ಅನ್ನೋ ಸಂದೇಶ, ಬರೋದು. ಸೆಟ್ಟಿಂಗ್ಸಲ್ಲಿ ಪರ್ಮಾಲಿಂಕ್ಸ್ (ವಿಳಾಸಗಳ ರಚನೆ) ಪುಟಕ್ಕೆ ಹೋಗಿ ಒಂದ್ಸಲ ಸೇವ್ ಒತ್ತಿದ್ರೆ ಪಟ್ಟಿ ಹೊಸದಾಗಿ ತಯಾರಾಗತ್ತೆ, ಸರಿಹೋಗತ್ತೆ. ಕೆಲವರು ಈ ಕಾಟವೇ ಬೇಡ ಅಂತ ರೂಲ್ಸ್ ಫ್ಲಶ್ ಮಾಡೋ ಫಂಕ್ಷನ್ನನ್ನ ಇನಿಟ್ ಹುಕ್ಕಿಗೇ ಹಾಕ್ಬಿಡ್ತಾರೆ, ಅದು ಪ್ರತಿ ಪುಟ ತೆರೆದಾಗಲೂ ಇಡೀ ಪಟ್ಟಿನ ಮತ್ತೆ ಕಟ್ಟಿ ಡೇಟಾಬೇಸಿಗೆ ಬರೆಯತ್ತೆ, ಸೈಟ್ ನಿಧಾನ ಆಗತ್ತೆ, ದಯವಿಟ್ಟು ಮಾಡಬೇಡಿ. ಪ್ಲಗಿನ್ ಆಕ್ಟಿವೇಟ್ ಆಗುವಾಗ ಒಂದು ಸಲ ಮಾಡಿದ್ರೆ ಸಾಕು.

ಟೈಪ್ ಹೆಸರು, ಆಮೇಲೆ ಸ್ಲಗ್

/ಕೋರ್ಸ್/ಟೈಪೋಗ್ರಫಿ/. ಇದು ಡೀಫಾಲ್ಟ್, ಹೆಚ್ಚು ಕೋಡ್ ಬೇಡ, ಅಪ್‌ಡೇಟ್ ಬಂದ್ರೂ ಮುರಿಯಲ್ಲ. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಡೇಟಾಬೇಸಿನಲ್ಲಿರೋ ಟೈಪ್ ಹೆಸರು ಬೇರೆ, ವಿಳಾಸದಲ್ಲಿ ಕಾಣೋ ಪದ ಬೇರೆ. ಟೈಪ್ ಹೆಸರಿಗೆ 20 ಅಕ್ಷರದ ಮಿತಿ ಇದೆ, ಬೇರೆ ಪ್ಲಗಿನ್ ಜೊತೆ ಡಿಕ್ಕಿ ಆಗದೇ ಇರ್ಲಿ ಅಂತ ಅದಕ್ಕೆ ನಿಮ್ಮದೊಂದು ಪ್ರಿಫಿಕ್ಸ್ ಹಾಕಿ, ವಿಳಾಸಕ್ಕೆ ಬೇಕಾದ ಚೊಕ್ಕ ಪದನ ಟೈಪ್ ರಿಜಿಸ್ಟರ್ ಮಾಡೋ ಕೋಡಲ್ಲಿ ರೀರೈಟ್ ಅನ್ನೋ ಕಡೆ ಸ್ಲಗ್ ಆಗಿ ಕೊಡಿ. ಹೀಗೆ ಮಾಡಿದ್ರೆ ಮುಂದೆ ವಿಳಾಸದ ಪದ ಬದಲಾಯಿಸಬೇಕು ಅಂದ್ರೂ ಡೇಟಾ ಮುಟ್ಟಬೇಕಾಗಲ್ಲ.

ನಿಮ್ಮ ಬ್ಲಾಗ್ ಪೋಸ್ಟುಗಳ ಪರ್ಮಾಲಿಂಕ್ /ಬ್ಲಾಗ್/ ಅಂತ ಶುರುವಾಗೋ ಹಾಗಿದ್ರೆ ಕೋರ್ಸ್ ಕೂಡ /ಬ್ಲಾಗ್/ಕೋರ್ಸ್/ಟೈಪೋಗ್ರಫಿ/ ಆಗಿಬಿಡತ್ತೆ. ಅದೇ ರೀರೈಟ್ ಕಡೆ ವಿತ್ ಫ್ರಂಟ್ ಅನ್ನೋದನ್ನ ಫಾಲ್ಸ್ ಮಾಡಿ, ಹೋಗತ್ತೆ.

ಏಕವಚನಾನಾ ಬಹುವಚನಾನಾ ಅಂತ ಜಗಳ ಮಾಡೋರಿದ್ದಾರೆ. ಯಾವುದಾದ್ರೂ ಇಡಿ, ಆದ್ರೆ ಪಟ್ಟಿಯ ಪುಟಕ್ಕೂ ಒಂದೊಂದು ಕೋರ್ಸಿನ ಪುಟಕ್ಕೂ ಅದೇ ಪದ ಇರ್ಲಿ. ವಿಳಾಸದ ಬಾಲ ಕತ್ತರಿಸಿ /ಕೋರ್ಸ್/ ಅಂತ ಮಾತ್ರ ಬಿಟ್ರೆ ಎಲ್ಲಾ ಕೋರ್ಸುಗಳ ಪಟ್ಟಿ ಬರಬೇಕು, ಹಾಗೆ ಕತ್ತರಿಸಿ ನೋಡೋ ಜನ ನಿಜವಾಗ್ಲೂ ಇದ್ದಾರೆ, ಅವರಿಗೆ 404 ತೋರಿಸೋದು ತಪ್ಪು.

ಈಗ ಇಲ್ಲಿನ ಒಂದೇ ದೊಡ್ಡ ಗುಂಡಿ. ಕೋರ್ಸ್ ಅಂತ ಒಂದು ಪೇಜ್ ಮೊದಲಿಂದ ಇದೆ, ಅದರ ಕೆಳಗೆ ಶುಲ್ಕ, ಪ್ರವೇಶ ಅಂತ ಮಕ್ಕಳ ಪೇಜುಗಳಿವೆ ಅಂದ್ಕೊಳ್ಳಿ. ಆಮೇಲೆ ಕೋರ್ಸ್ ಅನ್ನೋ ಸ್ಲಗ್ಗಲ್ಲೇ ಪೋಸ್ಟ್ ಟೈಪ್ ಮಾಡಿದ್ರಿ. ಆ ಕ್ಷಣದಿಂದ /ಕೋರ್ಸ್/ಶುಲ್ಕ/ 404. ಅಡ್ಮಿನ್ನಲ್ಲಿ ಪೇಜ್ ಇದೆ, ಪಬ್ಲಿಶ್ ಆಗಿದೆ, ವ್ಯೂ ಒತ್ತಿದ್ರೆ ಇಲ್ಲ ಅನ್ನತ್ತೆ. ಯಾಕಂದ್ರೆ ಪೋಸ್ಟ್ ಟೈಪ್‌ನ ರೂಲ್ ಮೇಲಿದೆ, ಅದು ಶುಲ್ಕ ಅನ್ನೋ ಹೆಸರಿನ ಕೋರ್ಸ್ ಹುಡುಕತ್ತೆ, ಸಿಗಲ್ಲ, ಕೈ ಚೆಲ್ಲತ್ತೆ. ಆರ್ಕೈವ್ (ಎಲ್ಲಾ ಕೋರ್ಸುಗಳ ಪಟ್ಟಿ ಪುಟ) ಆನ್ ಮಾಡಿದ್ರಂತೂ ಕೋರ್ಸ್ ಅನ್ನೋ ಪೇಜ್ ಕೂಡ ಕಾಣಲ್ಲ, ಅದರ ಜಾಗದಲ್ಲಿ ಆರ್ಕೈವ್ ಬರತ್ತೆ. ಪರಿಹಾರ ಸುಲಭ, ಪೇಜುಗಳು ಬಳಸದೇ ಇರೋ ಪದ ಆರಿಸ್ಕೊಳ್ಳಿ. ಆದ್ರೆ ಈ ಕಾರಣ ಗೊತ್ತಿಲ್ದೆ ಪ್ಲಗಿನ್ನುಗಳನ್ನ ಒಂದೊಂದಾಗಿ ಆಫ್ ಮಾಡಿ ನೋಡ್ತಾ ಇಡೀ ದಿನ ಕಳೆದವರನ್ನ ನಾನು ನೋಡಿದ್ದೀನಿ.

ಟ್ಯಾಕ್ಸಾನಮಿ ಸೇರಿಸೋದು

/ಕೋರ್ಸ್/ಡಿಸೈನ್/ಟೈಪೋಗ್ರಫಿ/. ನೋಡೋಕೆ ಬಹಳ ಅಚ್ಚುಕಟ್ಟು, ಕ್ಲೈಂಟ್‌ಗಳು ಕೇಳೋದೂ ಇದನ್ನೇ. ನಾನೂ ಒಂದು ಸಂಸ್ಥೆಗೆ ಹೀಗೇ ಮಾಡ್ಕೊಟ್ಟಿದ್ದೆ, ತಪ್ಪು ನನ್ನದೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮಾಡೋ ವಿಧಾನ ಹೀಗೆ. ಟ್ಯಾಕ್ಸಾನಮಿ ರಿಜಿಸ್ಟರ್ ಮಾಡಿದಾಗ ಅದರ ಹೆಸರಲ್ಲಿ ಒಂದು ಟ್ಯಾಗ್ ತಯಾರಾಗತ್ತೆ, %ವಿಷಯ% ಅಂತ. ಪೋಸ್ಟ್ ಟೈಪ್‌ನ ಸ್ಲಗ್ಗಲ್ಲಿ ಕೋರ್ಸ್/%ವಿಷಯ% ಅಂತ ಬರೀತೀವಿ, ಆಮೇಲೆ ಪೋಸ್ಟ್ ಟೈಪ್ ಲಿಂಕ್ ಅನ್ನೋ ಫಿಲ್ಟರ್ (ವರ್ಡ್‌ಪ್ರೆಸ್ ಕಟ್ಟಿದ ವಿಳಾಸನ ತಿದ್ದೋ ಕೋಡ್) ಹಾಕಿ ಆ ಟ್ಯಾಗ್ ಇರೋ ಜಾಗಕ್ಕೆ ನಿಜವಾದ ಟರ್ಮ್ ತುಂಬ್ತೀವಿ. ಯಾವುದೇ ವಿಷಯಕ್ಕೆ ಸೇರಿಸದ ಕೋರ್ಸ್ ಬಂದ್ರೆ ವಿಳಾಸದಲ್ಲಿ ಪರ್ಸೆಂಟ್ ಗುರುತಿನ ಸಮೇತ %ವಿಷಯ% ಅಂತಲೇ ಉಳ್ಕೊಳ್ಳತ್ತೆ, ಅದಕ್ಕೆ ಇತರೆ ಅಂತಲೋ ಏನೋ ಒಂದು ಬದಲಿ ಪದ ಇಡಬೇಕು. ಇಲ್ಲೀವರೆಗೂ ಪರವಾಗಿಲ್ಲ.

ತೊಂದರೆ ಶುರುವಾಗೋದು ಒಂದು ಕೋರ್ಸ್ ಎರಡು ವಿಷಯಕ್ಕೆ ಸೇರಿದಾಗ. ಯಾವ ಟರ್ಮ್ ವಿಳಾಸಕ್ಕೆ ಹೋಗಬೇಕು? ಮಾಮೂಲಿ ಪೋಸ್ಟಿನ ಕ್ಯಾಟಗರಿ ಆದ್ರೆ ವರ್ಡ್‌ಪ್ರೆಸ್ ತಾನೇ ಐಡಿ ಚಿಕ್ಕದಿರೋದನ್ನ ಆರಿಸತ್ತೆ, ಅಂದ್ರೆ ಮೊದಲು ಹುಟ್ಟಿದ ಕ್ಯಾಟಗರಿ, ಕೊನೇಪಕ್ಷ ಅದು ಸ್ಥಿರವಾಗಿರತ್ತೆ. ನಮ್ಮ ಫಿಲ್ಟರಲ್ಲಿ ನಾವು ಪಟ್ಟಿಯಿಂದ ಮೊದಲನೇ ಟರ್ಮ್ ಎತ್ಕೊಳ್ತೀವಿ, ಆ ಪಟ್ಟಿ ಬರೋದು ಹೆಸರಿನ ಅಕ್ಷರಕ್ರಮದಲ್ಲಿ. ಒಂದಿನ ಆಫೀಸಲ್ಲಿ ಯಾರೋ ಟೈಪೋಗ್ರಫಿ ಕೋರ್ಸಿಗೆ ಆರ್ಟ್ ಅಂತ ಇನ್ನೊಂದು ವಿಷಯ ಟಿಕ್ ಮಾಡಿದ್ರು, ಅಷ್ಟೇ ಮಾಡಿದ್ದು. ಡಿಸೈನ್‌ಗಿಂತ ಆರ್ಟ್ ಮೊದಲು ಬರತ್ತಲ್ಲ, ವಿಳಾಸ /ಕೋರ್ಸ್/ಆರ್ಟ್/ಟೈಪೋಗ್ರಫಿ/ ಆಗೋಯ್ತು, ಯಾರಿಗೂ ಗೊತ್ತೇ ಆಗಲಿಲ್ಲ.

ಗೊತ್ತಾಗದೇ ಇರೋಕೆ ಕಾರಣವೂ ಇದೆ. ಹಳೇ ವಿಳಾಸ 404 ಆಗಲಿಲ್ಲ! ಒಂದೇ ಒಂದು ಕೋರ್ಸಿನ ಪುಟ ತೆಗೆಯುವಾಗ ವರ್ಡ್‌ಪ್ರೆಸ್ ಸ್ಲಗ್ಗನ್ನ ಮಾತ್ರ ನೋಡತ್ತೆ, ಮಧ್ಯದಲ್ಲಿರೋ ಟರ್ಮ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಲ್ಲ. /ಕೋರ್ಸ್/ಏನೇನೋ/ಟೈಪೋಗ್ರಫಿ/ ಅಂತ ಹೊಡೆದ್ರೂ ಅದೇ ಪುಟ ಬರತ್ತೆ, ನಿಮ್ಮ ಸೈಟ್ ಈ ಥರ ಇದ್ರೆ ಈಗಲೇ ಹೊಡೆದು ನೋಡಿ. ಹಾಗಾಗಿ ಒಂದೇ ಕೋರ್ಸ್ ಎರಡು ಮೂರು ವಿಳಾಸದಲ್ಲಿ ಜೀವಂತವಾಗಿತ್ತು, ಅನಲಿಟಿಕ್ಸಲ್ಲಿ ಲೆಕ್ಕ ಹರಿದು ಹಂಚಿಹೋಗಿತ್ತು. ಅದಕ್ಕಿಂತ ಕೆಟ್ಟದ್ದು ಕ್ಯಾಶ್, ಅಂದ್ರೆ ಬೇಗ ತೆರೀಲಿ ಅಂತ ಉಳಿಸಿಟ್ಟ ಪುಟದ ಪ್ರತಿ. ಕೋರ್ಸ್ ಶುರುವಾಗೋ ದಿನಾಂಕ ಮುಂದಕ್ಕೆ ಹಾಕಿ ಪುಟ ಅಪ್‌ಡೇಟ್ ಮಾಡಿದ್ರು, ಕ್ಯಾಶ್ ಪ್ಲಗಿನ್ ಈಗಿನ ವಿಳಾಸದ ಪ್ರತಿಯನ್ನ ಮಾತ್ರ ಅಳಿಸ್ತು, ಕರಪತ್ರದಲ್ಲಿ ಅಚ್ಚಾಗಿದ್ದ ಹಳೇ ವಿಳಾಸ ತೆಗೆದವರಿಗೆ ಹಳೇ ದಿನಾಂಕವೇ ಕಾಣ್ತಿತ್ತು. ಒಬ್ಬರು ಆ ದಿನ ಬ್ಯಾಗ್ ಹಾಕ್ಕೊಂಡು ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತು ಫೋನ್ ಮಾಡಿದಾಗಲೇ ನಮಗೆ ತಿಳಿದಿದ್ದು. ಅವರ ಹತ್ರ ಇದ್ದ ಪುಟದ ಸ್ಕ್ರೀನ್‌ಶಾಟ್ ನೋಡಿ ನನಗೆ ಮುಖ ಎತ್ತೋಕಾಗಲಿಲ್ಲ.

ಇನ್ನೊಂದು ನಿರಾಸೆ ಸ್ಲಗ್ಗಿನದ್ದು. ವಿಷಯ ಬೇರೆ ಬೇರೆ ಇದ್ರೆ ಒಂದೇ ಹೆಸರು ಎರಡು ಸಲ ಬಳಸಬಹುದು, /ಕೋರ್ಸ್/ಡಿಸೈನ್/ಪರಿಚಯ/ ಮತ್ತೆ /ಕೋರ್ಸ್/ಕೋಡಿಂಗ್/ಪರಿಚಯ/ ಅಂತ ಇಡಬಹುದು ಅಂತ ಅನ್ಸತ್ತೆ ಅಲ್ವಾ, ಆಗಲ್ಲ. ಒಂದು ಪೋಸ್ಟ್ ಟೈಪ್‌ನೊಳಗೆ ಸ್ಲಗ್ ಒಂದೇ ಸಲ ಇರಬೇಕು ಅನ್ನೋದು ನಿಯಮ, ಎರಡನೇದು ಪರಿಚಯ-2 ಆಗತ್ತೆ.

ಹಾಗಾದ್ರೆ ಇದು ಯಾವತ್ತೂ ಬೇಡ್ವಾ? ಪ್ರತಿ ವಸ್ತುವೂ ಒಂದೇ ಟರ್ಮಿಗೆ ಸೇರಿದ್ದು, ಆ ಟರ್ಮ್ ಮುಂದೆ ಬದಲಾಗೋ ಸಾಧ್ಯತೆನೇ ಇಲ್ಲ ಅಂದ್ರೆ ಮಾಡಿ, ಎಡಿಟ್ ಸ್ಕ್ರೀನಲ್ಲಿ ಚೆಕ್‌ಬಾಕ್ಸ್ ತೆಗೆದು ಒಂದೇ ಆಯ್ಕೆ ಮಾಡೋಕಾಗೋ ಹಾಗೆ ಕಟ್ಟಿಹಾಕಿ, ತಪ್ಪು ಟರ್ಮ್ ಇರೋ ವಿಳಾಸ ಬಂದ್ರೆ ಸರಿಯಾದ್ದಕ್ಕೆ ಕಳಿಸೋ ನಾಲ್ಕು ಸಾಲು ಕೋಡ್ ಬರೀರಿ. ಇಷ್ಟೆಲ್ಲಾ ಮಾಡಿದ್ಮೇಲೂ ಓದುಗರಿಗೆ ಸಿಗೋದೇನು? ಈ ಕೋರ್ಸ್ ಯಾವ ವಿಷಯದ್ದು ಅನ್ನೋದನ್ನ ಪುಟದ ಮೇಲೆ ಬ್ರೆಡ್‌ಕ್ರಂಬಲ್ಲಿ (ಪುಟ ಯಾವುದರ ಕೆಳಗಿದೆ ಅಂತ ಹೇಳೋ ಸಾಲಲ್ಲಿ) ತೋರಿಸಿದ್ರೆ ಸಾಕು, ಅಲ್ಲಿ ಎರಡು ವಿಷಯ ಇದ್ರೆ ಎರಡನ್ನೂ ತೋರಿಸಬಹುದು.

ವಿಷಯಗಳ ಪಟ್ಟಿ ಪುಟಕ್ಕೆ ಮಾತ್ರ /ಕೋರ್ಸ್/ವಿಷಯ/ಡಿಸೈನ್/ ಅಂತ ಇಡೋರು ಒಂದು ನೆನಪಿಟ್ಕೊಳ್ಳಿ, ಟ್ಯಾಕ್ಸಾನಮಿನ ಪೋಸ್ಟ್ ಟೈಪ್‌ಗಿಂತ ಮೊದಲು ರಿಜಿಸ್ಟರ್ ಮಾಡಬೇಕು. ಇಲ್ಲಾಂದ್ರೆ ಕೋರ್ಸಿನ ರೂಲ್ ಮೊದಲು ಹಿಡ್ಕೊಂಡು ಡಿಸೈನ್ ಅನ್ನೋದನ್ನ ಯಾವುದೋ ಕೋರ್ಸಿಗೆ ಅಂಟಿಸಿದ ಫೈಲ್ ಅಂತ ತಿಳ್ಕೊಂಡು ಹುಡುಕತ್ತೆ.

ತಂದೆ ಮಕ್ಕಳ ರಚನೆ

ಪೋಸ್ಟ್ ಟೈಪ್ ಹೈರಾರ್ಕಿಕಲ್ ಮಾಡಿದ್ರೆ ಪೇಜುಗಳ ಹಾಗೆ ಒಂದರ ಕೆಳಗೆ ಒಂದು ಇಡಬಹುದು. ಕೈಪಿಡಿ ಥರದ್ದಕ್ಕೆ ಇದು ಹೇಳಿ ಮಾಡಿಸಿದ್ದು, /ಕೈಪಿಡಿ/ಆವೃತ್ತಿ-5/ಇನ್‌ಸ್ಟಾಲ್/, /ಕೈಪಿಡಿ/ಆವೃತ್ತಿ-6/ಇನ್‌ಸ್ಟಾಲ್/ ಎರಡೂ ಇರಬಹುದು, ಇಲ್ಲಿ ಸ್ಲಗ್ ಒಂದು ತಂದೆಯ ಕೆಳಗೆ ಮಾತ್ರ ಬೇರೆ ಇದ್ರಾಯ್ತು. ಅನುಕ್ರಮ, ಅಧ್ಯಾಯ, ಒಳಭಾಗ ಅಂತ ಇರೋ ಬರಹಕ್ಕೆ ಟ್ಯಾಕ್ಸಾನಮಿಗಿಂತ ಇದೇ ನೂರು ಪಾಲು ಮೇಲು. ಪೇಜ್ ಆಟ್ರಿಬ್ಯೂಟ್ಸ್ ಸಪೋರ್ಟ್ ಕೊಡೋದು ಮರೀಬೇಡಿ, ಇಲ್ಲಾಂದ್ರೆ ತಂದೆ ಆರಿಸೋ ಬಾಕ್ಸೇ ಕಾಣಲ್ಲ.

ಎರಡು ಕೊರತೆ ಇದೆ. ನೂರಾರು ಇದ್ರೆ ಪರವಾಗಿಲ್ಲ, ಎರಡು ಮೂರು ಸಾವಿರ ದಾಟಿದ್ರೆ ಅಡ್ಮಿನ್ ಪಟ್ಟಿ ತೆರೆಯೋದು ಭಾರ ಆಗತ್ತೆ, ಗಿಡದ ಆಕಾರದಲ್ಲಿ ತೋರಿಸೋಕೆ ಅದು ಎಲ್ಲಾ ಐಡಿಗಳನ್ನೂ ಪ್ರತಿ ಸಲ ತರಿಸ್ಕೊಳ್ಳತ್ತೆ. ಎರಡನೇದು ಹೆಚ್ಚು ಚುಚ್ಚೋದು. ಮಾಮೂಲಿ ಪೋಸ್ಟ್ ಟೈಪಲ್ಲಿ ಪಬ್ಲಿಶ್ ಆದ್ಮೇಲೆ ಸ್ಲಗ್ ಬದಲಾಯಿಸಿದ್ರೆ ವರ್ಡ್‌ಪ್ರೆಸ್ ಹಳೇ ಸ್ಲಗ್ಗನ್ನ ಮೆಟಾದಲ್ಲಿ ಬರೆದಿಟ್ಕೊಂಡು ಹಳೇ ವಿಳಾಸಕ್ಕೆ ಬಂದವರನ್ನ ಹೊಸದಕ್ಕೆ ಕಳಿಸತ್ತೆ, ಹೈರಾರ್ಕಿಕಲ್ ಟೈಪ್‌ಗೆ ಆ ಸೌಲಭ್ಯ ಇಲ್ಲ. ಒಂದು ಅಧ್ಯಾಯನ ಬೇರೆ ತಂದೆಯ ಕೆಳಗೆ ಎಳೆದು ಹಾಕಿದ್ರೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲರ ವಿಳಾಸ ಒಟ್ಟಿಗೆ ಬದಲಾಗತ್ತೆ, ಹಳೇದರಿಂದ ಹೊಸದಕ್ಕೆ ಕಳಿಸೋ ರೀಡೈರೆಕ್ಟ್ ನೀವೇ ಹಾಕಬೇಕು.

ಬೇಸ್ ಇಲ್ಲದೆ ನೇರ ಹೆಸರು

ಬೇಸ್, ಅಂದ್ರೆ ಮುಂದಿರೋ ಕೋರ್ಸ್ ಅನ್ನೋ ಪದ, ಬೇಡ, /ಟೈಪೋಗ್ರಫಿ/ ಅಂತ ಮಾತ್ರ ಇರ್ಲಿ, ಚಿಕ್ಕದಾಗಿದ್ರೆ ಸರ್ಚಲ್ಲಿ ಮೇಲೆ ಬರತ್ತೆ ಅಂತ ಕೇಳೋರಿದ್ದಾರೆ. ಒಂದು ಪದ ಕಮ್ಮಿ ಮಾಡಿದ್ದಕ್ಕೆ ಮೇಲೆ ಹೋಗತ್ತೆ ಅನ್ನೋ ಆಸೆ ಇಟ್ಕೋಬೇಡಿ. ಇದನ್ನ ಮಾಡಬಹುದು, ಫಿಲ್ಟರಲ್ಲಿ ಬೇಸ್ ತೆಗೆದು, ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಹೋಗೋ ಮೊದಲು ಪೋಸ್ಟು ಪೇಜುಗಳ ಜೊತೆ ಕೋರ್ಸಲ್ಲೂ ಹುಡುಕು ಅಂತ ಹೇಳೋದು. ಆದ್ರೆ ಆ ಬೇಸ್ ಪದ ಸುಮ್ನೆ ಅಲಂಕಾರಕ್ಕೆ ಇದ್ದಿದ್ದಲ್ಲ, ಇದು ಯಾವ ಬಗೆಯದ್ದು ಅಂತ ವರ್ಡ್‌ಪ್ರೆಸ್ಸಿಗೆ ಗೊತ್ತಾಗ್ತಿದ್ದಿದ್ದೇ ಅದರಿಂದ. ಈಗ ಪೇಜಿಗೂ ಕೋರ್ಸಿಗೂ ಒಂದೇ ಸ್ಲಗ್ ಬಂದ್ರೆ ತಡೆಯೋರಿಲ್ಲ, ಬೇರೆ ಬೇರೆ ಟೈಪ್ ಆಗಿರೋದ್ರಿಂದ -2 ಅಂತ ಸೇರಿಸೋದೂ ಇಲ್ಲ. ಹಳೇ ಬೇಸ್ ಇರೋ ವಿಳಾಸವೂ ತೆರೀತಾನೇ ಇರತ್ತೆ, ಅದಕ್ಕೆ ಬೇರೆ ರೀಡೈರೆಕ್ಟ್. ಲ್ಯಾಂಡಿಂಗ್ ಪೇಜ್ ಥರ ಹತ್ತಿಪ್ಪತ್ತು ಪುಟ ಇರೋ ಟೈಪ್‌ಗೆ ಒಬ್ಬರೇ ಜವಾಬ್ದಾರಿ ತಗೊಂಡು ನೋಡ್ಕೊಳ್ಳೋ ಹಾಗಿದ್ರೆ ಸರಿ. ಅಷ್ಟು ಕಮ್ಮಿ ಪುಟ ಇದ್ರೆ ಪೇಜ್ ಆಗೇ ಮಾಡಬಹುದಲ್ವಾ ಅನ್ನೋದು ನನ್ನ ಪ್ರಶ್ನೆ.

ನಂಬರು, ದಿನಾಂಕ, ಮತ್ತೆ ಕನ್ನಡ ಸ್ಲಗ್

ದಿನಾಂಕ ಸುದ್ದಿಗೆ, ಪ್ರಕಟಣೆಗೆ ಚೆನ್ನ. ಕೋರ್ಸಿಗೆ, ಪುಸ್ತಕಕ್ಕೆ ಬೇಡ, ಇವತ್ತಿಗೂ ಸರಿಯಾಗಿರೋ ಪುಟ ವಿಳಾಸದಲ್ಲಿ ಹಳೇ ವರ್ಷ ಇರೋದ್ರಿಂದ ಹಳಸಿದ ಹಾಗೆ ಕಾಣತ್ತೆ.

ನಂಬರನ್ನ ಜನ ಕೇವಲವಾಗಿ ನೋಡ್ತಾರೆ, ನನಗೆ ಅದರ ಮೇಲೆ ಗೌರವ ಇದೆ. ಶೀರ್ಷಿಕೆ ತಿದ್ದಿದ್ರೂ, ವಿಷಯ ಬದಲಾದ್ರೂ ಐಡಿ ಅಲುಗಾಡಲ್ಲ. /ಕೋರ್ಸ್/482/ಟೈಪೋಗ್ರಫಿ/ ಅಂತ ನಂಬರಿನ ಹಿಂದೆ ಹೆಸರೂ ಇಟ್ಟು, ಹುಡುಕೋದನ್ನ ಮಾತ್ರ ನಂಬರಿಂದ ಮಾಡಿದ್ರೆ ಹೆಸರಿನ ಭಾಗ ಏನಾದ್ರೂ ಆಗ್ಲಿ ಪುಟ ಸಿಗತ್ತೆ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆಗಳ ವಿಳಾಸ ಕೆಲಸ ಮಾಡೋದು ಹೀಗೇ. ವರ್ಡ್‌ಪ್ರೆಸ್ಸಲ್ಲಿ ಇದಕ್ಕೆ ಒಂದು ರೂಲ್ ಕೈಯಾರೆ ಸೇರಿಸಬೇಕು. ಸಾವಿರಾರು ದಾಖಲೆಗಳಿರೋ ಸೈಟಿಗೆ, ಒಂದೇ ಥರದ ಶೀರ್ಷಿಕೆ ಪದೇ ಪದೇ ಬರೋ ಕಡೆಗೆ ನಾನು ಇದನ್ನೇ ಹೇಳ್ತೀನಿ.

ಕನ್ನಡದಲ್ಲಿ ಶೀರ್ಷಿಕೆ ಕೊಡೋರಿಗೆ ಇದು ಇನ್ನೂ ಮುಖ್ಯ. ಸ್ಲಗ್ ಕಾಲಂಗೆ 200ರ ಮಿತಿ ಇದೆ. ಕನ್ನಡದ ಒಂದೊಂದು ಚಿಹ್ನೆ ವಿಳಾಸಕ್ಕೆ ಹೋಗುವಾಗ ಪರ್ಸೆಂಟ್ ಗುರುತಿನ ರೂಪದಲ್ಲಿ 9 ಅಕ್ಷರ ಆಗತ್ತೆ, ಅಂದ್ರೆ 22 ಚಿಹ್ನೆಗೆ ಕೋಟಾ ಮುಗೀತು. ಅದೂ ನಾವು ಒಂದಕ್ಷರ ಅಂತ ಓದೋದು ಕಂಪ್ಯೂಟರಿಗೆ ಒಂದಲ್ಲ, ಸ್ತ್ರೀ ಅನ್ನೋ ಒಂದಕ್ಷರ ಬಿಡಿಸಿದ್ರೆ ಸ, ವಿರಾಮ, ತ, ವಿರಾಮ, ರ, ಈಕಾರ, ಒಟ್ಟು 6 ಚಿಹ್ನೆ, ವಿಳಾಸದಲ್ಲಿ 54 ಅಕ್ಷರ. ನಾಲ್ಕೈದು ಪದದ ಶೀರ್ಷಿಕೆ ಆದ್ರೆ ಸ್ಲಗ್ ಮಧ್ಯದಲ್ಲೇ ಕತ್ತರಿಸಿ ಹೋಗತ್ತೆ, ಅದನ್ನ ಕಾಪಿ ಮಾಡಿ ಮೆಸೇಜಲ್ಲಿ ಹಾಕಿದ್ರೆ ಅರ್ಧ ಸ್ಕ್ರೀನ್ ಪರ್ಸೆಂಟ್ ಗುರುತೇ ತುಂಬ್ಕೊಳ್ಳತ್ತೆ. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ಕನ್ನಡ ಕಂಡಾಗ ಖುಷಿ ಆಗತ್ತೆ ನಿಜ, ನನಗೂ ಆಗತ್ತೆ. ಒಂದೆರಡು ಪದದ ಸ್ಲಗ್ ಸಾಕು ಅನ್ನೋ ಟೈಪ್‌ಗೆ ಕನ್ನಡದಲ್ಲೇ ಇಡಿ, ಆದ್ರೆ ಶೀರ್ಷಿಕೆಯಿಂದ ತಾನಾಗೇ ಬರೋಕೆ ಬಿಡಬೇಡಿ, ಕೈಯಾರೆ ಟೈಪ್ ಮಾಡಿ. ಉದ್ದ ಶೀರ್ಷಿಕೆಗಳಿದ್ರೆ ರೋಮನ್ ಲಿಪಿಯಲ್ಲಿ ಎರಡು ಮೂರು ಪದ, ನಡುವೆ ಅಂಡರ್‌ಸ್ಕೋರ್ ಬದಲು ಹೈಫನ್, ಇಲ್ಲಾಂದ್ರೆ ನಂಬರು.

ವರ್ಡ್‌ಪ್ರೆಸ್ ಅಲ್ಲದವರಿಗೆ

ಡ್ರೂಪಲ್‌ನಲ್ಲಿ ಪ್ರತಿಯೊಂದಕ್ಕೂ ನೋಡ್ ಮತ್ತೆ ನಂಬರಿನ ಒಳವಿಳಾಸ ಇದ್ದೇ ಇರತ್ತೆ, ಚೆನ್ನಾಗಿ ಕಾಣೋ ವಿಳಾಸ ಅದರ ಮೇಲಿನ ಅಲಿಯಾಸ್ ಅಷ್ಟೇ. ಪಾಥ್‌ಆಟೋ ಮಾಡ್ಯೂಲ್ ಹಾಕಿದ್ರೆ ಒಂದೊಂದು ಕಂಟೆಂಟ್ ಟೈಪ್‌ಗೆ ಒಂದೊಂದು ಪ್ಯಾಟರ್ನ್ ಕೊಡಬಹುದು, ಟರ್ಮ್ ಸೇರಿಸೋದೂ ಸುಲಭ, ಸುಲಭ ಅಂತಲೇ ಎಲ್ಲರೂ ಸೇರಿಸಿಬಿಡ್ತಾರೆ. ಅದರ ಡೀಫಾಲ್ಟ್ ಸೆಟ್ಟಿಂಗ್ ಹೊಸ ಅಲಿಯಾಸ್ ಮಾಡಿ ಹಳೇದನ್ನ ಅಳಿಸೋದು, ಹಾಗಾಗಿ ರೀಡೈರೆಕ್ಟ್ ಮಾಡ್ಯೂಲನ್ನ ಮೊದಲ ದಿನವೇ ಜೊತೆಗೆ ಹಾಕಿ. ಕ್ರಾಫ್ಟ್‌ನಲ್ಲಿ ಸೆಕ್ಷನ್ ಸೆಟ್ಟಿಂಗಲ್ಲೇ ಒಂದು ಬಾಕ್ಸಲ್ಲಿ ರಚನೆ ಬರೀತೀವಿ, ಫಿಲ್ಟರ್ ತಂಟೆ ಇಲ್ಲ. ಏನು ಆರಿಸಬೇಕು ಅನ್ನೋ ಪ್ರಶ್ನೆ ಎಲ್ಲಾ ಕಡೆ ಅದೇ.

ಸೈಟ್ ಈಗಾಗ್ಲೇ ಲೈವ್ ಇದ್ರೆ

ವಿಳಾಸ ಚೆನ್ನಾಗಿಲ್ಲ ಅನ್ನೋ ಒಂದೇ ಕಾರಣಕ್ಕೆ ಬದಲಾಯಿಸಬೇಡಿ. ನನಗಾದ ಹಾಗೆ ನಿಜವಾದ ತೊಂದರೆ ಇದ್ರೆ ಮಾತ್ರ ಕೈ ಹಾಕಿ, ಹಾಕಿದ್ರೆ ಒಂದೇ ಸಲಕ್ಕೆ ಮುಗಿಸಿ. 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಅಂತ ಹೇಳೋದು) ಹಾಕಬೇಕು, ಗೂಗಲ್ ಹೇಳೋದು ಅದನ್ನ ಕನಿಷ್ಠ 1 ವರ್ಷ ಇಟ್ಕೊಳ್ಳಿ ಅಂತ, ನಾನು ತೆಗೆಯೋದೇ ಇಲ್ಲ, ಅಚ್ಚಾದ ಕಾಗದಕ್ಕೆ ಒಂದು ವರ್ಷದ ಲೆಕ್ಕ ಇಲ್ಲ. ಹಳೇದು ಮಧ್ಯದ್ದಕ್ಕೆ, ಮಧ್ಯದ್ದು ಹೊಸದಕ್ಕೆ ಅಂತ ಸರಪಳಿ ಮಾಡದೆ ಎಲ್ಲಾ ಹಳೇದನ್ನೂ ನೇರ ಕೊನೇ ವಿಳಾಸಕ್ಕೆ ಕಳಿಸಿ, ಪುಟಗಳ ಒಳಗಿರೋ ಲಿಂಕುಗಳನ್ನೂ ತಿದ್ದಿ.

ಆ ಸಂಸ್ಥೆಯ ಸೈಟಲ್ಲಿ ನಾನು ವಿಷಯದ ಭಾಗ ತೆಗೆದು /ಕೋರ್ಸ್/ಟೈಪೋಗ್ರಫಿ/ಗೆ ಬಂದೆ. ಸ್ಲಗ್ ಮೊದಲಿಂದಲೂ ಟೈಪ್‌ನೊಳಗೆ ಒಂದೇ ಒಂದು ಇದ್ದಿದ್ರಿಂದ ಮಧ್ಯದ ಪದ ಏನೇ ಇದ್ರೂ ಅದನ್ನ ಬಿಟ್ಟು ಕೊನೇ ಪದಕ್ಕೆ ಕಳಿಸು ಅನ್ನೋ ಒಂದೇ ಸಾಲಿನ ರೂಲ್ ಸಾಕಾಯ್ತು. ಹಾಕಿ ಖುಷಿಯಾಗಿದ್ದೆ, ಮಾರನೇ ದಿನ ನೋಡಿದ್ರೆ ಕೋರ್ಸುಗಳ ಪಟ್ಟಿಯ ಎರಡನೇ ಪುಟ ತೆರೀತಿಲ್ಲ. /ಕೋರ್ಸ್/ಪೇಜ್/2/ ಕೂಡ ಅದೇ ಆಕಾರದ ವಿಳಾಸ ತಾನೇ, ಅದನ್ನೂ ನನ್ನ ರೂಲ್ ಹಿಡಿದು /ಕೋರ್ಸ್/2/ಕ್ಕೆ ಕಳಿಸ್ತಿತ್ತು. ಪೇಜ್ ಅನ್ನೋ ಪದ, ಫೀಡ್‌ನಲ್ಲಿ ಮುಗಿಯೋ ವಿಳಾಸ, ಇವೆರಡಕ್ಕೂ ವಿನಾಯಿತಿ ಬರೆದ ಮೇಲೆ ಸರಿಹೋಯ್ತು. ನೀವು ಈ ಥರದ ರೂಲ್ ಬರೆದ್ರೆ ಲೈವ್ ಮಾಡೋ ಮೊದಲು ಪಟ್ಟಿಯ ಎರಡನೇ ಪುಟ, ಒಂದು ವಿಷಯದ ಪುಟ, ಅದರ ಎರಡನೇ ಪುಟ, ಫೀಡು, ಡ್ರಾಫ್ಟಿನ ಪ್ರಿವ್ಯೂ, ಈ ಐದನ್ನ ಲಾಗೌಟ್ ಆಗಿ ಒಂದ್ಸಲ, ಲಾಗಿನ್ ಆಗಿ ಒಂದ್ಸಲ ತೆಗೆದು ನೋಡಿ.